ಏಳು ಕುಳಿಗಳ ಬಗ್ಗೆ ನಾನು ಹೇಳಿದ್ದು

ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ, ಬಾಡಿಗೆ ಕಾರುಗಳು ಸಾಲಾಗಿ ನಿಲ್ಲುವ ಬೇವಿನ ಮರದ ಕೆಳಗೆ, ನನ್ನ ಬಿಳಿ ಅಂಬಾಸಿಡರ್ ಇಪ್ಪತ್ತು ವರ್ಷಕ್ಕೂ ಮೇಲೆ ನಿಂತಿತ್ತು. ನಾನು ತಾಳ್ಯದ ಕಡೆಯವನು, ಓದಿದ್ದು ಹೈಸ್ಕೂಲಿನವರೆಗೆ. ಬಾಡಿಗೆ ಎಂದರೆ ಏನು? ಹೊಸದುರ್ಗದ ಬೀಗರ ಮನೆಗೆ ಹೆಣ್ಣು ನೋಡುವವರು, ಹಿರಿಯೂರಿನ ಮಾರಿಕಣಿವೆಗೆ ಬುತ್ತಿ ಕಟ್ಟಿಕೊಂಡು ಹೋಗುವವರು, ಹೊಳಲ್ಕೆರೆ ಗಣಪತಿಗೆ ಹರಕೆ ಹೊತ್ತವರು. ಇವರ ನಡುವೆ ಕೋಟೆ ನೋಡಲು ದೂರದಿಂದ ಬಂದವರೂ ಸಿಗುತ್ತಿದ್ದರು. ಕೋಟೆ ಮುಗಿದ ಮೇಲೂ ಹೊತ್ತು ಉಳಿದರೆ, "ಇನ್ನೇನಿದೆ ಇಲ್ಲಿ ನೋಡೋಕೆ?" ಎಂದು ನನ್ನನ್ನೇ ಕೇಳುತ್ತಿದ್ದರು. ಹಾಗೆ ಕೇಳಿದರೆ ಸಾಕು, ನನಗೆ ಮೈ ಜುಮ್ಮೆನ್ನುತ್ತಿತ್ತು. ಸ್ಟೀರಿಂಗ್ ಹಿಡಿದವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದಾಗ ಹೇಳಲು ನನ್ನ ಹತ್ತಿರ ಏನಾದರೂ ಇರಲೇಬೇಕು ಎಂಬುದು ನನ್ನ ಹಟವಾಗಿತ್ತು. ಈ ಬರಹದಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪೆಲ್ಲ ಆ ಹಟದಿಂದಲೇ ಹುಟ್ಟಿದ್ದು.

ಹೊಳಲ್ಕೆರೆ ರಸ್ತೆಯಿಂದ ಎಡಕ್ಕೆ ತಿರುಗಿ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಒಂದು ಬೋಳು ಗುಡ್ಡ ಸಿಗುತ್ತದೆ. ತುದಿಯಲ್ಲಿ ಬಿದ್ದುಹೋದ ಕಾವಲು ಬತೇರಿ. ಅದರ ಕೆಳಗೆ ಕಣದಷ್ಟು ಅಗಲದ ಚಪ್ಪಟೆ ಬಂಡೆ. ಬಂಡೆಯ ಮಗ್ಗುಲಲ್ಲಿ ಮಳೆನೀರು ನಿಲ್ಲುವ ದೊಣೆ. ಆ ಬಂಡೆಯ ಮೇಲೆ ಒಂದು ಕಡೆ ಒತ್ತೊತ್ತಾಗಿ ಏಳು ಕುಳಿಗಳಿವೆ. ಒರಳಿನ ಬಾಯಷ್ಟು ಅಗಲ, ಒಳಗೆಲ್ಲ ಕೈಯಾಡಿಸಿದರೆ ಬೆಣ್ಣೆಯಂಥ ನುಣುಪು. ಈ ಜಾಗವನ್ನು ಕಂಡುಹಿಡಿದು ಜನರಿಗೆ ತೋರಿಸಲು ಶುರು ಮಾಡಿದ್ದು ನಮ್ಮ ಸ್ಟ್ಯಾಂಡಿನಲ್ಲಿ ನಾನೊಬ್ಬನೇ.

ತೊಂಬತ್ತರ ದಶಕದ ನಡುವೆ ಒಂದು ದಿನ ಮೈಸೂರು ಕಡೆಯ ಒಬ್ಬರನ್ನು ಅಲ್ಲಿಗೆ ಕರೆದೊಯ್ದೆ. ಹೆಗಲಲ್ಲಿ ಕ್ಯಾಮೆರಾ, ಕೈಯಲ್ಲಿ ನೋಟ್ ಪುಸ್ತಕ. ಒಳ್ಳೆಯ ಮನುಷ್ಯ, ನನ್ನನ್ನು 'ನೀವು' ಎಂದೇ ಮಾತಾಡಿಸಿದರು. ಕುಳಿಗಳನ್ನು ಕಂಡವರೇ ಮಂಡಿಯೂರಿ ಕುಳಿತು, "ಇವು ಏನು?" ಎಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಸಾರ್ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಪೆನ್ನು ಪುಸ್ತಕದ ಮೇಲೆ ನನ್ನ ಮಾತಿಗಾಗಿ ಕಾಯುತ್ತಾ ನಿಂತಿತ್ತಲ್ಲ!

"ಮದ್ದು ಅರೀತಿದ್ರು ಸಾರ್. ತುಪಾಕಿಗೆ ಹಾಕೋ ಮದ್ದು" ಎಂದೆ.

"ಯಾರು ಅರೆಯುತ್ತಿದ್ದದ್ದು?"

"ಅಕ್ಕತಂಗೇರು. ಏಳು ಜನ. ಒಬ್ಬೊಬ್ಬರಿಗೆ ಒಂದೊಂದು ಕುಳಿ. ಹೆಂಗಸರು ಅಂದ್ರೆ ಶತ್ರುಗಳಿಗೆ ಅನುಮಾನ ಬರಲ್ಲ ನೋಡಿ."

ಈ ಕೊನೆಯ ಮಾತು ನಾಲಿಗೆಗೆ ಎಲ್ಲಿಂದ ಬಂತೋ, ನನಗೇ ಆಶ್ಚರ್ಯವಾಯಿತು. ಅವರು ಸರಸರ ಬರೆದುಕೊಂಡರು. "ನಿಮಗೆ ಹೇಳಿದ್ದು ಯಾರು?" ಎಂದು ಕೇಳಿದರು. "ನಮ್ಮಜ್ಜ" ಎಂದೆ. ಪಾಪ, ನಮ್ಮಜ್ಜ ಜೀವಮಾನವೆಲ್ಲ ದನ ಕಾಯ್ದವನು, ಆ ಗುಡ್ಡವನ್ನು ಕಣ್ಣಿಂದಲೂ ಕಂಡವನಲ್ಲ. "ಬೆರಳು ತೋರಿಸಿ ನಿಲ್ಲಿ" ಎಂದು ಕುಳಿಯ ಚಿತ್ರ ತೆಗೆದರು. ಇಳಿಯುವಾಗ ಅವರ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಡಿಕ್ಕಿಯಲ್ಲಿದ್ದ ವೈರಿನ ತುಂಡಿನಿಂದ ಬಿಗಿದು ಕಟ್ಟಿಕೊಟ್ಟೆ. ಬಸ್ಸು ಹತ್ತುವ ಮುಂಚೆ ನನ್ನ ಕೈ ಕುಲುಕಿ, "ನಿಮ್ಮಂಥವರಿಂದಲೇ ಚರಿತ್ರೆ ಉಳಿದಿರೋದು" ಎಂದರು. ಆ ಮಾತು ಕೇಳಿ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಬಂದವರಿಗೆಲ್ಲ ಅದೇ ಕತೆ. ಹೇಳಿದಷ್ಟೂ ಅದಕ್ಕೆ ಕೈಕಾಲು ಬಂದವು. ಒಬ್ಬ ತಂಗಿಯ ಕುಳಿಯಲ್ಲಿ ಮದ್ದು ಸಿಡಿದು ಅವಳು ಸತ್ತದ್ದನ್ನೂ ಸೇರಿಸಿದೆ. ಹೇಳುವಾಗ ಕಂಠ ಕಟ್ಟುತ್ತಿತ್ತು. ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು. ನಾನು ಅದನ್ನು ಎಷ್ಟು ಸಲ ಹೇಳಿದೆನೆಂದರೆ ನನಗೇ ಅದು ನಡೆದದ್ದು ಅನ್ನಿಸತೊಡಗಿತ್ತು.

ಇಲ್ಲಿಯವರೆಗಿನದು ಬಾಯಿಚಪಲ. ಮುಂದಿನದು ಪಾಪ.

ಎರಡು ಮೂರು ವರ್ಷ ಕಳೆದಿರಬೇಕು. ಉತ್ತರ ಭಾರತದ ಕಡೆಯ ಒಂದು ಕುಟುಂಬವನ್ನು ಗುಡ್ಡಕ್ಕೆ ಕರೆದೊಯ್ದಿದ್ದೆ. ಅವರು ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದರು, ನಾನು ಮೊದಲು ಹತ್ತಿದೆ. ಬಂಡೆಯ ಮೇಲೆ ಒಬ್ಬ ಅಜ್ಜಿ ಕುಳಿತಿದ್ದಳು. ಕಾಲು ಚಾಚಿ, ಮೂರನೆಯ ಕುಳಿಯಲ್ಲಿ ಗುಂಡುಕಲ್ಲು ಹಾಕಿ ಗರಗರನೆ ಏನನ್ನೋ ಅರೆಯುತ್ತಿದ್ದಳು. ಕಲ್ಲು ಕುಳಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತ್ತು! ಪಕ್ಕದ ಕುಳಿಗಳಲ್ಲಿ ಅವಳ ಇಬ್ಬರು ಸೊಸೆಯರು. ಆಚೆ ಬಂಡೆಯುದ್ದಕ್ಕೂ ಗೂಟಗಳ ನಡುವೆ ಕರಿ ಉಣ್ಣೆಯ ನೂಲಿನ ಹಾಸು ಬಿಗಿದು ಕಟ್ಟಿತ್ತು.

"ಏನಜ್ಜಿ ಇದು?" ಎಂದೆ.

"ಹುಣಸೆ ಬೀಜ ಕಣಪ್ಪ. ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಅರೀತೀವಿ. ಗಂಜಿ ಕಾಸಿ ಈ ನೂಲಿಗೆ ಬಳೀತೀವಿ. ಗಂಜಿ ಕುಡಿದ ನೂಲಲ್ಲಿ ನೇಯ್ದ್ರೆ ಕಂಬಳಿ ಮಳೆ ನೀರು ಒಳಗೆ ಬಿಡಲ್ಲ. ಮನೆ ಒರಳು ಒಂದೇ, ಸಾಲಲ್ಲ. ಇಲ್ಲಿ ಬಿಸಿಲೂ ಐತೆ, ಗಾಳಿನೂ ಐತೆ, ಜಲ್ದಿ ಒಣಗ್ತೈತೆ."

"ಈ ಕುಳಿ ತೋಡಿದ್ದು ಯಾರಜ್ಜಿ?"

"ಯಾರು ತೋಡಿದ್ರೋ ನಂಗೊತ್ತಿಲ್ಲಪ್ಪ. ನಮ್ಮತ್ತೆ ಇಲ್ಲೇ ಅರೀತಿದ್ಲು. ಅವ್ಳ ಅತ್ತೆನೂ ಇಲ್ಲೇ ಅಂತಿದ್ಲು. ಅದರ ಹಿಂದಿಂದು ನಾನು ಕಂಡಿಲ್ಲ."

ಎಷ್ಟು ಸಲೀಸಾಗಿ ಅಂದುಬಿಟ್ಟಳು, ಗೊತ್ತಿಲ್ಲ ಅಂತ! ಅಷ್ಟರಲ್ಲಿ ನನ್ನ ಪ್ರಯಾಣಿಕರು ಮೇಲೆ ಬಂದರು. ದಾರಿಯುದ್ದಕ್ಕೂ ಅವರಿಗೆ ಏಳು ಅಕ್ಕತಂಗಿಯರ ಕತೆ ಹೇಳಿಕೊಂಡು ಬಂದಿದ್ದೆ. ಈ ಹೆಂಗಸು ಏನು ಮಾಡುತ್ತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದರು. ಈಗ ನಿಜ ಹೇಳಿದರೆ ಕತೆ ಹೋಯಿತು, ನನ್ನ ಮರ್ಯಾದೆಯೂ ಹೋಯಿತು. ತೋರುಬೆರಳನ್ನು ನನ್ನ ತಲೆಯ ಪಕ್ಕ ಇಟ್ಟು ಎರಡು ಸುತ್ತು ತಿರುಗಿಸಿದೆ. ತಲೆ ಸರಿಯಿಲ್ಲ ಎಂದು. ಅವರು "ಅಯ್ಯೋ ಪಾಪ" ಎಂಬ ಮುಖ ಮಾಡಿ ಅವಳನ್ನು ಸುತ್ತಿಕೊಂಡು ಮುಂದೆ ಹೋದರು. ಅಜ್ಜಿ ಅರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಅದಾದ ಮೇಲೆ ಆ ಗುಡ್ಡಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ಕತೆಯನ್ನು ಮಾತ್ರ ಬಿಡಲಿಲ್ಲ.

ಎರಡು ಸಾವಿರ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರು ಬಸ್ಸಿಳಿದು ನೇರ ನನ್ನ ಕಾರಿನ ಹತ್ತಿರ ಬಂದರು. ಹೆಂಡತಿಯ ಕೈಯಲ್ಲಿ ಪ್ರಿಂಟು ತೆಗೆದ ಹಾಳೆಗಳು. "ಏಳು ಅಕ್ಕತಂಗಿಯರು ಮದ್ದು ಅರೆದ ಬಂಡೆ ಗೊತ್ತಾ ನಿಮಗೆ?" ಎಂದರು.

ನಾನು ತಟ್ಟನೆ ಕೇಳಿದೆ, "ನಿಮಗೆ ಹೇಳಿದ್ದು ಯಾರು?"

"ಯಾರೂ ಅಲ್ಲ, ಇಂಟರ್ನೆಟ್ಟಲ್ಲಿ ಇದೆ."

ಇಂಟರ್ನೆಟ್ಟಿನಲ್ಲಿ! ಗುಡ್ಡ ಸೇರುವವರೆಗೆ ನನ್ನ ಕಾಲು ಆಕ್ಸಲರೇಟರಿನ ಮೇಲೆ ಕುಣಿಯುತ್ತಿತ್ತು. ಬಂಡೆಯ ಮೇಲೆ ನಿಂತು ಎಂದಿನಂತೆ ಕಂಠ ಕಟ್ಟಿಸಿಕೊಂಡು, "ಕಿರಿಯವಳು ಇಲ್ಲೇ ಮದ್ದು ಸಿಡಿದು ಸತ್ತಿದ್ದು" ಎಂದೆ. ಆ ಹೆಂಗಸು ಹಾಳೆ ತಿರುವಿದರು.

"ಇಲ್ಲಪ್ಪ. ಇದರಲ್ಲಿ ಹಿರಿಯವಳು ಅಂತ ಇದೆ. ನಿಮಗೆ ಸರಿಯಾಗಿ ಗೊತ್ತಿಲ್ಲ."

"ಅಲ್ಲಮ್ಮ, ನಾನು ಇಲ್ಲಿಯವನು..."

"ನೀವು ಡ್ರೈವರು. ಇದನ್ನ ಓದಿದವರು ಬರೆದಿರೋದು" ಎಂದು ಗಂಡ ಸಮಾಧಾನ ಮಾಡಿದರು. ನಾನೇ ಹುಟ್ಟಿಸಿದ ಹುಡುಗಿಯನ್ನು ಕೊಲ್ಲಲು ನನಗೇ ಹಕ್ಕಿಲ್ಲವಾಗಿತ್ತು.

ಸಂಜೆ ಕಾರನ್ನು ಸ್ಟ್ಯಾಂಡಿಗೂ ತರದೆ ನೇರ ಸೈಬರ್ ಸೆಂಟರಿಗೆ ಓಡಿದೆ. ಅದನ್ನು ನಡೆಸುತ್ತಿದ್ದವಳು ನನ್ನ ಕಾರಿನ ಸೀಟು ಹೊಲಿಯುತ್ತಿದ್ದ ಸಾಬರ ಮಗಳು. ಅವರ ಮನೆಯವರು ಕೋಟೆಯ ಕಾಲದಿಂದಲೂ ದುರ್ಗದಲ್ಲೇ ಇರುವವರು. ಚಿಕ್ಕಂದಿನಿಂದ ನನ್ನನ್ನು ಚಾಚಾ ಎನ್ನುತ್ತಿದ್ದಳು. ನಾನು ಹೇಳಿದ ಮಾತುಗಳನ್ನು ಟೈಪು ಮಾಡಿ ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲುಸಾಲಾಗಿ ಇಳಿದವು. ಒಂದಲ್ಲ, ನಾಲ್ಕು ಕಡೆ ಇತ್ತು! ಎಲ್ಲ ಇಂಗ್ಲಿಷು. ಅವಳು ಓದಿ ಓದಿ ಕನ್ನಡದಲ್ಲಿ ಹೇಳಿದಳು. 'ಹೆಂಗಸರು ಎಂದರೆ ಶತ್ರುಗಳಿಗೆ ಅನುಮಾನ ಬರುತ್ತಿರಲಿಲ್ಲ' ಎಂಬ ನನ್ನ ಮಾತು ಚಾಚೂ ತಪ್ಪದೆ ಹಾಗೇ ಇತ್ತು. ಒಂದರಲ್ಲಿ ಚಿತ್ರವೂ ಇತ್ತು. ಕುಳಿಯತ್ತ ಚಾಚಿದ ಒಂದು ಬೆರಳು, ತುದಿ ಸೊಟ್ಟ. ಹಿಂದೊಮ್ಮೆ ಕಾರಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ನನ್ನದೇ ಬೆರಳು.

"ಚಾಚಾ, ನೀವು ಫೇಮಸ್ಸು!" ಎಂದು ಅವಳು ಕುರ್ಚಿಯಲ್ಲೇ ಕುಪ್ಪಳಿಸಿದಳು.

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಹೈಸ್ಕೂಲು ಓದಿದ ಡ್ರೈವರಿನ ಮಾತನ್ನು ಲೋಕವೆಲ್ಲ ಓದುತ್ತಿದೆ! ಅದೇ ಬೆರಳು ಅಜ್ಜಿಯ ಕಡೆ ನೋಡಿ ತಿರುಗಿದ್ದ ಬೆರಳೂ ಹೌದು ಎಂಬುದು ನೆನಪಾದದ್ದು ಮನೆಗೆ ಹೋಗಿ ಕೈ ತೊಳೆಯುವಾಗ.

ಮುಂದಿನ ಬೇಸಿಗೆಯಲ್ಲಿ ಆ ಗುಡ್ಡಕ್ಕೆ ಹೋದಾಗ ಬಂಡೆಯ ಸುತ್ತ ಮುಳ್ಳುತಂತಿಯ ಬೇಲಿ ಬಂದಿತ್ತು. ಸಣ್ಣ ಕಬ್ಬಿಣದ ಗೇಟು, ಅದಕ್ಕೆ ಬೀಗ. 'ಐತಿಹಾಸಿಕ ಸ್ಥಳ. ಕುಳಿಗಳನ್ನು ಮುಟ್ಟಬಾರದು' ಎಂಬ ಬೋರ್ಡು. ಊರಿನ ಕೆಲವು ಉತ್ಸಾಹಿಗಳು ಒಟ್ಟಾಗಿ ಹಾಕಿಸಿದ್ದಂತೆ. ಬೇಲಿಯ ಹೊರಗೆ ಅದೇ ಅಜ್ಜಿ, ಮುಂದೆ ನೆನೆದ ಬೀಜದ ಬುಟ್ಟಿ, ತೊಡೆಯ ಮೇಲೆ ಗುಂಡುಕಲ್ಲು. ಸೊಸೆಯರು ನೂಲಿನ ಗಂಟು ಹೊತ್ತು ನಿಂತೇ ಇದ್ದರು.

ಅಜ್ಜಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಓಹೋ, ಬೆರಳು ತಿರುವಿದ ಡ್ರೈವರಪ್ಪ! ಬಾ, ಬಾ. ಹುಚ್ಚಿ ಇನ್ನೂ ಬದುಕೈದಾಳೆ, ನೋಡು."

ನಾನು ಗೇಟಿನ ಬೀಗ ನೋಡಿದೆ. "ಅಜ್ಜಿ, ಒಳಗೆ ಬಿಡ್ತಿಲ್ವಾ?"

"ಏಳು ಜನ ಅಕ್ಕತಂಗೇರು ಅರೆದ ಜಾಗ ಅಂತೆ, ನಾವು ಮುಟ್ಟಿದ್ರೆ ಸವೀತೈತಂತೆ. ನಾನು ಐವತ್ತು ವರ್ಷ ಅರೆದೀನಿ, ಆ ಅಕ್ಕತಂಗೇರಲ್ಲಿ ಒಬ್ಬಳನ್ನೂ ಕಾಣಲಿಲ್ಲ. ನೀನಾದ್ರೂ ಕಂಡಿಯಾ?" ಎಂದು ಕೇಳಿದಳು. ಸೊಸೆಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಅಜ್ಜಿಯ ದನಿ ಇಳಿಯಿತು. "ಬರೋ ತಿಂಗಳು ಮೊಮ್ಮಗಳ ಮದುವೆ. ಕೆಳಗಿನ ನಮ್ಮ ಹಟ್ಟಿಯಾಗೆ ಗಂಡುಹೆಣ್ಣು ಕೂರೋದು ಮನೇಲಿ ನೇಯ್ದ ಕರಿ ಕಂಬಳಿ ಮ್ಯಾಲೆ. ನಾನೂ ಹಂಗೇ ಕುಂತಿದ್ದೆ. ಅಂಗಡಿದು ತಂದು ಹಾಸಾಕೆ ನನಗೆ ಮನಸ್ಸಿಲ್ಲ. ಈ ಕಲ್ಲಿಲ್ದೆ ಇಷ್ಟು ನೂಲಿಗೆ ಗಂಜಿ ಆಗಲ್ಲಪ್ಪ."

"ಆ ಕತೆ ಕಟ್ಟಿದ್ದು ನಾನೇ ಅಜ್ಜಿ" ಎಂದುಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತೊಡೆಯ ಮೇಲಿದ್ದ ಗುಂಡುಕಲ್ಲನ್ನು ಕೆಳಗಿಟ್ಟು, "ಕಟ್ಟಿದೋನು ನೀನೇ ಅಂದ್ರೆ ಬಿಚ್ಚೋನೂ ನೀನೇ. ಹೋಗು" ಎಂದಳು.

ಬೇಲಿ ಹಾಕಿಸಿದವರ ಮುಂದಾಳು ಒಬ್ಬ ನಿವೃತ್ತ ಮೇಷ್ಟ್ರು. ಊರಿನ ಕಲ್ಲುಕಲ್ಲಿನ ಮೇಲೂ ಪ್ರೀತಿ ಇದ್ದವರು. ಅವರ ಮನೆಯ ಗೋಡೆಯ ಮೇಲೆ ನೆಟ್ಟಿನಿಂದ ತೆಗೆದ ನನ್ನ ಸುಳ್ಳು, ಬೆರಳಿನ ಚಿತ್ರದ ಸಮೇತ, ಗಾಜಿನ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಕಾಫಿ ಕೊಟ್ಟು ಕೂರಿಸಿದರು. ಎಲ್ಲ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಚಿತ್ರದ ಮೇಲೆ ನನ್ನ ಸೊಟ್ಟ ಬೆರಳನ್ನೂ ಇಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಚಿತ್ರ, ಬೆರಳು, ಚಿತ್ರ, ಬೆರಳು ಎಂದು ನಾಲ್ಕು ಸಲ ನೋಡಿದರು.

"ಬೆರಳು ನಿಮ್ಮದೇ ಯಜಮಾನ್ರೇ, ಒಪ್ಪಿದೆ. ಆದ್ರೆ ಮಾತು ನಿಮ್ಮದೇ ಅಂತ ಹೆಂಗೆ ನಂಬಾಣ? ಇಲ್ಲಿ ನೋಡ್ರಿ, ಸ್ಥಳೀಯ ಹಿರಿಯರೊಬ್ಬರಿಂದ ತಿಳಿದದ್ದು ಅಂತ ಐತೆ."

"ಆ ಹಿರಿಯ ನಾನೇ ಸಾರ್!"

"ಅವಾಗ ನಿಮಗೆ ನಲವತ್ತು ಚಿಲ್ಲರೆ ವಯಸ್ಸು. ಅದೆಂಗೆ ಹಿರಿಯರಾಗ್ತೀರಿ? ಹೋಗ್ಲಿ, ಸುಳ್ಳು ಹೇಳಿದ್ದು ಅವಾಗ್ಲೋ ಇವಾಗ್ಲೋ? ನಾಲ್ಕು ಕಡೆ ಬಂದೈತಲ್ರೀ ನೆಟ್ಟಲ್ಲಿ."

"ಆ ಅಜ್ಜಿನ ಕೇಳಿ ಸಾರ್. ಅವಳು ಐವತ್ತು ವರ್ಷದಿಂದ ಅಲ್ಲಿ ಅರೆದವಳು."

"ಆಕೆಗೆ ಚರಿತ್ರೆ ಏನು ಗೊತ್ತು?" ಎಂದು ಅವರು ಎದ್ದರು.

ಅಂಗಳಕ್ಕೆ ಬಂದಾಗ ನನಗೆ ಸಿಟ್ಟು, ನಗು, ಅಳು ಒಟ್ಟಿಗೇ ಬಂದವು. ಸುಳ್ಳನ್ನು ನಂಬಿಸಲು ನನಗೆ ಒಂದು ನಿಮಿಷ ಸಾಕಾಗಿತ್ತು. ನಿಜ ಹೇಳಲು ಬಂದರೆ ಸಾಕ್ಷಿ ಬೇಕಂತೆ! ಮತ್ತೆ ಸೈಬರ್ ಸೆಂಟರಿಗೆ ಓಡಿದೆ. ಮದುವೆಗೆ ಮೂರು ವಾರವಿತ್ತು, ನೇಯಲು ದಿನ ಬೇಡವೇ?

ಸಾಬರ ಮಗಳು ನನ್ನ ಕತೆ ಕೇಳಿ ಮೊದಲು, "ಅಲ್ಲಾ, ಚಾಚಾ, ನೀವು ಹಿಂಗಾ?" ಎಂದು ಮುಖ ಸಪ್ಪಗೆ ಮಾಡಿದಳು. ಅವಳ ಆ ಮುಖ ಮೇಷ್ಟ್ರ ಮಾತಿಗಿಂತ ಹೆಚ್ಚು ಚುಚ್ಚಿತು. ಆಮೇಲೆ ಪುಟವನ್ನು ಕೆಳಗೆ ಕೆಳಗೆ ಎಳೆದಳು. ಕೊನೆಯಲ್ಲಿ ಬರೆದವರ ಮಿಂಚಂಚೆಯ ವಿಳಾಸ ಇತ್ತು. ಆ ಕ್ಯಾಮೆರಾದವರದೇ!

"ಹೇಳ್ರಿ ಚಾಚಾ, ಬರೀತೀನಿ."

ಹೇಳಿದೆ. ಅಕ್ಕತಂಗಿಯರೂ ಸುಳ್ಳು, ಅಜ್ಜ ಹೇಳಿದ್ದೂ ಸುಳ್ಳು. ನಿಜವಾಗಿ ಅಲ್ಲಿ ಅರೆಯುವುದು ಹುಣಸೆ ಬೀಜ. ಅರೆಯುವವರು ಕಂಬಳಿ ನೇಯುವವರು. ನಾನೇ ಆ ಡ್ರೈವರ್ ಎಂಬುದಕ್ಕೆ ಗುರುತು: ಗುಡ್ಡ ಇಳಿಯುವಾಗ ನಿಮ್ಮ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು, ನಾನು ಹಳದಿ ವೈರಿನಲ್ಲಿ ಕಟ್ಟಿಕೊಟ್ಟೆ. ಇದು ನೆಟ್ಟಿನಲ್ಲಿ ಎಲ್ಲೂ ಇಲ್ಲ ಸಾರ್, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು.

ಅವಳು ಕಳಿಸಿದಳು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಉತ್ತರ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಾಡಿಗೆ ಬಂದರೆ ಬೇರೆಯವರಿಗೆ ಬಿಟ್ಟುಕೊಟ್ಟು ಅಲ್ಲೇ ಸುಳಿದಾಡುತ್ತಿದ್ದೆ. ಸ್ಟ್ಯಾಂಡಿನವರು, "ಏನಪ್ಪ, ಈ ವಯಸ್ಸಲ್ಲಿ ಕಂಪ್ಯೂಟರ್ ಕೋರ್ಸಾ?" ಎಂದು ಕಾಲೆಳೆದರು. ಮೂರನೆಯ ದಿನ ನಾನು ರಸ್ತೆಯ ಆ ಕಡೆ ಇರುವಾಗಲೇ ಅವಳು ಬಾಗಿಲಿಗೆ ಬಂದು ಎರಡೂ ಕೈ ಬೀಸಿದಳು.

"ಚಾಚಾ! ಬಂತು, ಬಂತು, ಬರ್ರಿ!"

ನಾನು ರಸ್ತೆ ದಾಟಿದ ರೀತಿಗೆ ಒಬ್ಬ ಬಸ್ ಡ್ರೈವರು ಬಾಯಿಗೆ ಬಂದ ಹಾಗೆ ಬೈದ. ಪರದೆಯ ಮೇಲೆ ಕನ್ನಡದ್ದೇ ಪತ್ರ. ಮೊದಲ ಸಾಲು ಇವತ್ತಿಗೂ ಬಾಯಿಪಾಠ: "ಹಳದಿ ಅಲ್ಲ, ಕೆಂಪು ವೈರು. ಉಳಿದದ್ದೆಲ್ಲ ಸರಿ."

ನಾನು ಗಟ್ಟಿಯಾಗಿ ನಕ್ಕೆ, ಅಳುವೂ ಬಂತು. ಆ ವೈರು ಹಳದಿಯೆಂದು ನಾನು ಆಣೆ ಮಾಡಲೂ ಸಿದ್ಧನಿದ್ದೆ. ನನ್ನ ಕೈಯಾರೆ ಕಟ್ಟಿದ್ದರ ಬಣ್ಣವೇ ನನಗೆ ತಪ್ಪಿತ್ತು. ಅವರು ನನ್ನನ್ನು ಬೈದಿರಲಿಲ್ಲ. "ನಾನೂ ಇನ್ನೊಬ್ಬರನ್ನು ಕೇಳದೆ ಬರೆದೆ, ಕೆಳಗಿನ ಹಟ್ಟಿಗೆ ಒಮ್ಮೆ ಇಳಿದು ಕೇಳಬಹುದಿತ್ತು" ಎಂದು ಬರೆದಿದ್ದರು. ಆ ವಾರದಲ್ಲೇ ಪುಟವನ್ನು ತಿದ್ದಿದರು. ಹೇಳಿದವರೇ ಅದನ್ನು ಕಟ್ಟುಕತೆಯೆಂದು ಒಪ್ಪಿದ್ದಾರೆ, ಕುಳಿಗಳನ್ನು ಬಳಸುವವರು ಗುಡ್ಡದ ಕೆಳಗಿನ ಹಟ್ಟಿಯ ಹೆಂಗಸರು, ತೋಡಿದವರು ಯಾರೋ ತಿಳಿಯದು ಎಂದು ಹಾಕಿದರು. ತಿಳಿಯದು ಎಂಬ ಆ ಮಾತನ್ನು ಅವಳಿಂದ ಮೂರು ಸಲ ಓದಿಸಿಕೊಂಡೆ.

"ಉಳಿದ ಮೂರು ಕಡೆ?" ಎಂದು ಕೇಳಿದೆ.

"ಅವರು ಇವರದನ್ನೇ ನೋಡಿ, ನಿಮ್ಮ ಬಾಯಿಂದ ಹರಡಿದ ಆ ಸಾವನ್ನೂ ಸೇರಿಸಿ ಬರೆದಿದ್ದು ಚಾಚಾ. ವಿಳಾಸ ಇಲ್ಲ, ಏನಿಲ್ಲ. ಅದು ಹಂಗೇ ಇರ್ತದೆ." ಹಾಗೇ ಇದೆ. ನನ್ನ ಹಿರಿಯವಳೋ ಕಿರಿಯವಳೋ ಅಲ್ಲಿ ಇವತ್ತೂ ಸಾಯುತ್ತಲೇ ಇದ್ದಾಳೆ.

ತಿದ್ದಿದ ಪುಟದ ಪ್ರಿಂಟು ತೆಗೆಸಿಕೊಂಡು ಮೇಷ್ಟ್ರ ಮನೆಗೆ ಕಾರು ಹಾರಿಸಿದೆ. ಅವರು ನಿಂತೇ ಎರಡು ಸಲ ಓದಿದರು. ಗೋಡೆಯ ಕಟ್ಟನ್ನು ಒಮ್ಮೆ ನೋಡಿದರು. ಆಮೇಲೆ ಮೊಳೆಗೆ ನೇತುಹಾಕಿದ್ದ ಗೇಟಿನ ಕೀಲಿ ತೆಗೆದು ನನ್ನ ಕೈಗಿಟ್ಟು, "ಇದನ್ನ ಮೊದಲೇ ತರಬಾರದಾ ಯಜಮಾನ್ರೇ? ಬಾಯಿಮಾತಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಎಂದರು. ನಾನು ಕೈ ಮುಗಿದು ಬಂದೆ.

ಹಟ್ಟಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಮೇಲೆ ಹಾರ್ನ್ ಹೊಡೆದೆ. ಅಜ್ಜಿ, ಸೊಸೆಯರು, ಬೀಜದ ಬುಟ್ಟಿ, ಕರಿ ನೂಲಿನ ಗಂಟು, ಗೂಟ, ಕಲ್ಲು, ಎಲ್ಲ ಅಂಬಾಸಿಡರಿನೊಳಗೆ. ಗುಡ್ಡದ ಬುಡದವರೆಗೂ ಸೊಸೆಯರು ಹಾಡು ಹೇಳಿದರು. ಬೀಗ ಬಿಗಿಯಾಗಿತ್ತು. ಆತುರದಲ್ಲಿ ಕೀಲಿ ಎರಡು ಸಲ ಕೆಳಗೆ ಬಿತ್ತು. ಗೇಟು ತೆರೆದಾಗ ಅಜ್ಜಿ ಒಳಗೆ ಹೋಗುವ ಮೊದಲು ಬೋರ್ಡಿನತ್ತ ಕೈ ಮಾಡಿ, "ಏನಂತ ಬರೆದೈತೆ ಅದರಾಗೆ?" ಎಂದಳು.

"ಕುಳಿಗಳನ್ನು ಮುಟ್ಟಬಾರದು ಅಂತ."

"ಹಂಗಾರೆ ನೀನೇ ಮೊದಲು ಮುಟ್ಟು. ಕುಂತ್ಕ ಇಲ್ಲಿ."

ಮೂರನೆಯ ಕುಳಿಯ ಮುಂದೆ ನನ್ನನ್ನು ಕೂರಿಸಿದಳು. ಬೀಜ ಸುರಿದು, ಗುಂಡುಕಲ್ಲನ್ನು ನನ್ನ ಕೈಗೆ ಕೊಟ್ಟಳು. "ಅವತ್ತು ಬೆರಳು ತಿರುವಿದ್ಯಲ್ಲ, ಇವತ್ತು ಕೈ ತಿರುವು. ಹಂಗೇ, ಸುತ್ತಲೂ." ಸೊಸೆಯರು ನಗುತ್ತ ಹಾಸು ಬಿಗಿಯತೊಡಗಿದರು. ಬಿಸಿಲು ನೆತ್ತಿ ಸುಡುತ್ತಿತ್ತು, ಗಾಳಿ ನನ್ನ ಟವೆಲ್ಲನ್ನು ಕಿತ್ತೊಯ್ಯುತ್ತಿತ್ತು. ಒಂದು ತಾಸಿಗೆ ನನ್ನ ರಟ್ಟೆ ಬಿದ್ದುಹೋಯಿತು. ಆದರೂ ನಾನು ಹತ್ತು ವರ್ಷ ಬೆರಳು ತೋರಿಸಿ ವರ್ಣಿಸಿದ ಕುಳಿಯ ನುಣುಪು ಎಲ್ಲಿಂದ ಬಂದದ್ದು ಎಂಬುದು ಮೊದಲ ಸಲ ಕೈಗೆ ತಿಳಿಯುತ್ತಿತ್ತು. ಮಕ್ಕಳ ಹಾಗೆ ಸಂಭ್ರಮವಾಗಿ, "ಆಯ್ತಾ ಅಜ್ಜಿ? ನೋಡಜ್ಜಿ, ಆಯ್ತಾ?" ಎಂದು ಕೇಳುತ್ತಲೇ ಇದ್ದೆ.

ಅಜ್ಜಿ ಕುಳಿಯೊಳಗೆ ಎರಡು ಬೆರಳು ಅದ್ದಿ, ಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಇನ್ನೂ ತರಿ ಐತೆ" ಎಂದಳು. "ಅರಿ."